ಕ್ಯಾನ್ಸರ್ ಮಾತ್ರೆಯ ಹಿಂದಿನ ಮಹನೀಯ ಡಾ. ಯಲ್ಲಾಪ್ರಗಡ ಸುಬ್ಬರಾವ್

ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರಿಗೆ ಬಾಯಿಯ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡುವ ಹಂತ ದಾಟಿದ್ದುದರಿಂದ ಡಾಕ್ಟರರು ವಾರಕ್ಕೊಮ್ಮೆ ನುಂಗುವ ಹಳದಿ ಮಾತ್ರೆಗಳನ್ನು ಕೊಟ್ಟಿದ್ದರು. ಅಂಧೇರಿಯ ಮನೆಗೆ ನೋಡಲು ಬಂದ ಬಂಧುಗಳೊಬ್ಬರು ರೋಗಿ ತೀರಾ ಸೊರಗಿದ್ದಾರೆಂದು ಮರುಗಿ, ರಕ್ತ ಹೆಚ್ಚಲಿ ಎಂದು ಮೆಡಿಕಲ್ ಸ್ಟೋರಿನಿಂದ ಒಂದು ಟಾನಿಕ್ ತಂದುಕೊಟ್ಟರು. ಅಕ್ಕ ಅದನ್ನು ದಿನವೂ ಎರಡು ಚಮಚದಂತೆ ಕುಡಿಸಿದಳು. ಮುಂದಿನ ತಪಾಸಣೆಗೆ ಹೋದಾಗ ಮಾತಿನ ನಡುವೆ ನಾನು ಟಾನಿಕ್ಕಿನ ವಿಷಯ ಹೇಳಿದೆ. ಬಾಟಲಿ ಅಕ್ಕನ ಚೀಲದಲ್ಲೇ ಇತ್ತು. ಡಾಕ್ಟರರು ಅದರ ಮೇಲಿನ ಚೀಟಿ ಓದಿ, ಇದರಲ್ಲಿ ಫೋಲಿಕ್ ಆಸಿಡ್ ಇದೆ, ತಮ್ಮನ್ನು ಕೇಳದೆ ಕೊಡಬಾರದು ಎಂದು ತಿಳಿಹೇಳಿದರು. ಹಳದಿ ಮಾತ್ರೆಯ ಕೆಲಸವೇ ದೇಹದಲ್ಲಿ ಫೋಲಿಕ್ ಆಸಿಡ್ ಬಳಕೆಯಾಗದಂತೆ ತಡೆಯುವುದಂತೆ. ನಾವು ಒಂದು ಕೈಯಲ್ಲಿ ಔಷಧಿ ಕೊಟ್ಟು, ಇನ್ನೊಂದು ಕೈಯಲ್ಲಿ ಅದಕ್ಕೆ ಅಡ್ಡಿ ಮಾಡುತ್ತಿದ್ದೆವು.

ಆ ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ಮನೆಗೆ ಬಂದ ಮೇಲೆ ಅದರ ಬಗ್ಗೆ ಓದುತ್ತಾ ಹೋದಾಗ ಒಂದು ಆಶ್ಚರ್ಯದ ಸಂಗತಿ ತಿಳಿಯಿತು. ಟಾನಿಕ್ಕಿನಲ್ಲಿದ್ದ ಫೋಲಿಕ್ ಆಸಿಡನ್ನು ಮೊದಲು ತಯಾರಿಸಿದ್ದೂ, ಅದನ್ನು ತಡೆಯುವ ಈ ಮಾತ್ರೆಯನ್ನು ತಯಾರಿಸಿದ್ದೂ ಒಂದೇ ಪ್ರಯೋಗಾಲಯ. ಎರಡೂ ಕೆಲಸಕ್ಕೆ ಮುಂದಾಳಾಗಿದ್ದವರು ಒಬ್ಬ ಭಾರತೀಯ, ನಮ್ಮ ನೆರೆಯ ಆಂಧ್ರದವರಾದ ಡಾ. ಯಲ್ಲಾಪ್ರಗಡ ಸುಬ್ಬರಾವ್. ವಿಜ್ಞಾನ ಓದಿದವರಿಗೆ ಇದು ಪರಿಚಿತ ಹೆಸರು. ನನ್ನಂಥ ಕಾಮರ್ಸ್‌ನವರಿಗೆ ಮಾತ್ರ ಹೊಸದು. ಅವರ ಬದುಕಿನ ಕಥೆ ಊರು ಬಿಟ್ಟು ಬಂದು ದುಡಿದ ನಮ್ಮ ಮುಂಬಯಿ ಕನ್ನಡಿಗರಿಗೆ ಹತ್ತಿರವಾದುದು. ಕ್ಯಾನ್ಸರ್ ಎಂಬ ಹೆಸರು ಕೇಳಿಯೇ ಕಂಗಾಲಾಗುವ ಮನೆಗಳಿಗೆ ಅದರಲ್ಲಿ ಒಂದು ಪಾಠವೂ ಇದೆ.

ಭೀಮಾವರದಿಂದ ಮದ್ರಾಸಿಗೆ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಭೀಮಾವರದಲ್ಲಿ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹುಡುಗ ಓದಿನಲ್ಲಿ ಮುಂದಿದ್ದವನೇನೂ ಅಲ್ಲ. ಹದಿಹರೆಯದಲ್ಲಿ ಸೋದರ ಸಂಬಂಧಿಯೊಬ್ಬನನ್ನು ಕಟ್ಟಿಕೊಂಡು, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುತ್ತೇನೆಂದು ಮನೆ ಬಿಟ್ಟು ಹೊರಟದ್ದೂ ಉಂಟು. ಹಿಡಿದು ತಂದು ಮತ್ತೆ ಶಾಲೆಗೆ ಹಾಕಿದರು. ಮೆಟ್ರಿಕ್ಯುಲೇಶನ್‌ನಲ್ಲಿ ಎರಡು ಬಾರಿ ಫೇಲಾಗಿ, ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದರು. ಮಗನ ಓದಿಗಾಗಿ ತಾಯಿ ಮೈಮೇಲಿನ ಒಡವೆ ಮಾರಿದರು. ನಮ್ಮ ಊರುಗಳಲ್ಲಿ ಎಷ್ಟು ತಾಯಂದಿರು ಹೀಗೆ ಮಾಡಿಲ್ಲ!

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಹಂಬಲ ಹುಟ್ಟಿತು. ತಾಯಿ ಒಪ್ಪಲಿಲ್ಲ. ಕೊನೆಗೆ ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಶೇಷಗಿರಿ ಎಂಬ ಕನ್ಯೆಯೊಡನೆ ಮದುವೆಯಾಯಿತು. ಓದಿಗೆ ಮಾವನವರ ನೆರವು ಸಿಕ್ಕಿತು.

ಅದು ಗಾಂಧೀಜಿಯವರ ಕರೆಗೆ ಜನ ವಿದೇಶಿ ಬಟ್ಟೆ ತ್ಯಜಿಸುತ್ತಿದ್ದ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿಯ ಗೌನ್ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕರಿಗೆ ಅದು ಸರಿಬರಲಿಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ್ದರೂ ಎಂಬಿಬಿಎಸ್ ಪದವಿ ಕೈತಪ್ಪಿ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್ ಮಾತ್ರ ಸಿಕ್ಕಿತು. ಸರಕಾರಿ ವೈದ್ಯಕೀಯ ಸೇವೆಯ ಬಾಗಿಲು ಮುಚ್ಚಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಈ ನಡುವೆ ಮನೆಗೆ ದೊಡ್ಡ ಆಘಾತ ಬಂದೊದಗಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸಹೋದರರು ಸಂಗ್ರಹಣಿ ರೋಗದಿಂದ ತೀರಿಕೊಂಡರು. ತಿಂದದ್ದು ಮೈಗೆ ಹತ್ತದೆ, ನಿಲ್ಲದ ಭೇದಿಯಿಂದ, ರಕ್ತ ಬತ್ತಿ ಸಾಯುವ ಕಾಯಿಲೆ ಅದು. ಸುಬ್ಬರಾವ್ ಅವರಿಗೂ ಅದೇ ರೋಗ ತಗಲಿತು. ಆಯುರ್ವೇದ ವೈದ್ಯ ಡಾ. ಆಚಂಟ ಲಕ್ಷ್ಮೀಪತಿಯವರ ಔಷಧಿಯಿಂದ ಅವರು ಉಳಿದುಕೊಂಡರು. ಆದರೆ ಆ ರೋಗಕ್ಕೆ ಕಾರಣವೇನು, ಯಾವ ವಸ್ತು ಅದನ್ನು ಗುಣಪಡಿಸಬಲ್ಲುದು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಬೇಕೆಂಬ ಹಟ ಅವರನ್ನು ಹಿಡಿಯಿತು.

ಬೋಸ್ಟನ್ನಿನ ರಾತ್ರಿ ಪಾಳಿ

1920ರ ದಶಕದ ಆರಂಭದಲ್ಲಿ ಮಾವನವರ ಸಹಾಯ ಮತ್ತು ಕಾಕಿನಾಡದ ಒಂದು ಧರ್ಮಸಂಸ್ಥೆಯ ನೆರವಿನಿಂದ ಸುಬ್ಬರಾವ್ ಹಡಗು ಹತ್ತಿ ಅಮೆರಿಕದ ಬೋಸ್ಟನ್ ಸೇರಿದರು. ಕೆಲವು ವರ್ಷ ಓದಿ ಹಿಂದಿರುಗುವ ಲೆಕ್ಕ. ಹೆಂಡತಿ ಆಗ ಗರ್ಭಿಣಿ. ಹುಟ್ಟಿದ ಗಂಡು ಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಅದರ ಮುಖವನ್ನೂ ನೋಡಲಿಲ್ಲ.

ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಡಿಪ್ಲೊಮಾಕ್ಕೆ ಪ್ರವೇಶ ಸಿಕ್ಕಿತ್ತು, ವಿದ್ಯಾರ್ಥಿವೇತನ ಸಿಗಲಿಲ್ಲ. ಅಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಪರವಾನಗಿಯೂ ಇರಲಿಲ್ಲ. ಆದ್ದರಿಂದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಆಳಾಗಿ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಹೊಟ್ಟೆ ಹೊರೆದರು. ಹಗಲು ತರಗತಿ, ರಾತ್ರಿ ಈ ಕೆಲಸ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೂ, ಹಗಲು ನೌಕರಿ ಮಾಡಿ ಸಂಜೆ ಕಾಲೇಜಿನಲ್ಲಿ ಪದವಿ ಪಡೆದ ನನ್ನಂಥವರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಡಿಪ್ಲೊಮಾ ಮುಗಿಸಿ ಹಾರ್ವರ್ಡ್‌ನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ಪ್ರಾಧ್ಯಾಪಕರ ಜೊತೆ ಸಂಶೋಧನೆಗೆ ಸೇರಿದರು. ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಅಂಶವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಫಿಸ್ಕ್-ಸುಬ್ಬರಾವ್ ವಿಧಾನ ಎಂದೇ ಪ್ರಸಿದ್ಧ. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು, 1929ರಲ್ಲಿ ಎಟಿಪಿ ಎಂಬ ವಸ್ತುವನ್ನು ಗುರುತಿಸಿದರು. ಎಟಿಪಿಯನ್ನು ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಕಂಡುಹಿಡಿದರು. ನಾವು ಕೈ ಎತ್ತುವಾಗ, ಹೃದಯ ಬಡಿಯುವಾಗ ಖರ್ಚಾಗುವ ಶಕ್ತಿಯ ಚಿಲ್ಲರೆ ನಾಣ್ಯವೇ ಈ ಎಟಿಪಿ ಎನ್ನಬಹುದು. 1930ರಲ್ಲಿ ಪಿಎಚ್‌ಡಿ ಬಂತು.

ಇಷ್ಟಾದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಹೆಚ್ಚಿನ ಕೀರ್ತಿ ಹಿರಿಯರಾದ ಫಿಸ್ಕ್ ಅವರ ಪಾಲಾಯಿತು. ಸುಬ್ಬರಾವ್ ಅದಕ್ಕಾಗಿ ಜಗಳಕ್ಕಿಳಿಯಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಎಂಬ ಔಷಧ ಕಂಪನಿಯನ್ನು ಸೇರಿ, ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ನಮ್ಮ ಪರೇಲ್‌ನ ಕೊಂಡಿ

ಇಲ್ಲಿ ಕಥೆ ಸ್ವಲ್ಪ ಹಿಂದಕ್ಕೆ, ನಮ್ಮ ಮುಂಬಯಿಗೇ ಬರುತ್ತದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯೊಬ್ಬರು ಪರೇಲ್‌ನ ಹಾಫ್‌ಕಿನ್ ಸಂಸ್ಥೆಗೆ ಬಂದರು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಗರ್ಭಿಣಿಯರಾದಾಗ ರಕ್ತ ಕೆಟ್ಟು ಬಿಳಿಚಿಕೊಂಡು ಸಾಯುತ್ತಿದ್ದರು. ಕಾರಣ ಹುಡುಕುವುದೇ ಲೂಸಿ ವಿಲ್ಸ್ ಅವರ ಕೆಲಸ. ರೋಗಾಣುವಿಗಾಗಿ ಹುಡುಕಿದರು, ಸಿಗಲಿಲ್ಲ. ಆ ಹೆಂಗಸರು ಏನು ತಿನ್ನುತ್ತಾರೆಂದು ವಿಚಾರಿಸಿದಾಗ ದಾರಿ ಕಂಡಿತು. ತೊಂದರೆ ಇದ್ದದ್ದು ಊಟದಲ್ಲಿ. ಇಂಗ್ಲೆಂಡಿನ ಜನ ಬ್ರೆಡ್ಡಿಗೆ ಹಚ್ಚಿಕೊಳ್ಳುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟರೆ ರಕ್ತ ಸುಧಾರಿಸುವುದನ್ನು ಅವರು ತೋರಿಸಿಕೊಟ್ಟರು. 1931ರಲ್ಲಿ ಈ ವರದಿ ಪ್ರಕಟವಾಯಿತು.

ಯೀಸ್ಟ್‌ನಲ್ಲಿದ್ದ ಆ ಹೆಸರಿಲ್ಲದ ವಸ್ತುವನ್ನು ವಿಜ್ಞಾನಿಗಳು ಬಹುಕಾಲ ವಿಲ್ಸ್ ಅಂಶ ಎಂದೇ ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅಂಥದೇ ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಆದರೆ ಸೊಪ್ಪಿನಿಂದಲೋ ಪ್ರಾಣಿಗಳ ಯಕೃತ್ತಿನಿಂದಲೋ ಸಿಗುತ್ತಿದ್ದ ಪ್ರಮಾಣ ತೀರಾ ಅಲ್ಪ. ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದ ಕೀರ್ತಿ 1945ರಲ್ಲಿ ಸುಬ್ಬರಾವ್ ಅವರ ತಂಡಕ್ಕೆ ಸಂದಿತು. ಸಂಗ್ರಹಣಿಗೂ ಈ ಫೋಲಿಕ್ ಆಸಿಡ್ ಒಳ್ಳೆಯ ಮದ್ದೆಂದು ಬೇಗನೆ ಸಿದ್ಧವಾಯಿತು. ಸಹೋದರರನ್ನು ಕೊಂದ ರೋಗಕ್ಕೆ ಅವರು ಕೊನೆಗೂ ಉತ್ತರ ಕಂಡುಕೊಂಡಿದ್ದರು. ಇಂದು ನಮ್ಮ ಬಸುರಿ ಹೆಣ್ಣುಮಕ್ಕಳಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆಯ ಮೂಲ ಇದೇ.

ಟಾನಿಕ್ಕಿನಿಂದ ಔಷಧಿಗೆ

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ಅಥವಾ ಲ್ಯುಕೇಮಿಯಾ ಬಂದ ಮಕ್ಕಳು ಅಂದು ಕೆಲವೇ ವಾರ ಅಥವಾ ತಿಂಗಳಲ್ಲಿ ಸಾಯುತ್ತಿದ್ದರು. ವೈದ್ಯರು ಕೈಚೆಲ್ಲಿ ಕುಳಿತಿದ್ದರು. ಫೋಲಿಕ್ ಆಸಿಡ್ ರಕ್ತ ಸರಿಪಡಿಸುತ್ತದೆಂದಾದರೆ ರಕ್ತದ ಕ್ಯಾನ್ಸರಿಗೂ ಆಗಬಹುದೆಂಬ ಆಸೆಯಿಂದ ಫೋಲಿಕ್ ಆಸಿಡ್ ಜಾತಿಯ ವಸ್ತುಗಳನ್ನು ಲೆಡರ್ಲಿಯಿಂದ ತರಿಸಿ ರೋಗಿಗಳಿಗೆ ಕೊಟ್ಟು ನೋಡಿದರು. ಲ್ಯುಕೇಮಿಯಾ ಇದ್ದ ಮಕ್ಕಳಲ್ಲಿ ರೋಗ ಕಡಿಮೆಯಾಗುವ ಬದಲು ವೇಗವಾಗಿ ಹೆಚ್ಚಿದಂತೆ ಅವರಿಗೆ ಕಂಡಿತು.

ಬೇರೆಯವರಾಗಿದ್ದರೆ ಆ ದಾರಿಯನ್ನೇ ಬಿಟ್ಟುಬಿಡುತ್ತಿದ್ದರು. ಫಾರ್ಬರ್ ತಿರುಗಿಸಿ ಯೋಚಿಸಿದರು. ಫೋಲಿಕ್ ಆಸಿಡ್ ರೋಗಕ್ಕೆ ಗೊಬ್ಬರವಾಗುವುದಾದರೆ, ಅದನ್ನು ತಡೆದರೆ ರೋಗ ಬಾಡಬೇಕಲ್ಲವೆ? ಈ ಬೇಡಿಕೆಯನ್ನು ಪೂರೈಸಿದ್ದು ಸುಬ್ಬರಾವ್ ಅವರ ತಂಡ. ಫೋಲಿಕ್ ಆಸಿಡಿನ ರಚನೆಯಲ್ಲಿ ಅಲ್ಪಸ್ವಲ್ಪ ಬದಲಾವಣೆ ಮಾಡಿ, ನೋಡಲು ಅದರಂತೆಯೇ ಇರುವ ಆದರೆ ಅದರ ಕೆಲಸ ಮಾಡದ ವಸ್ತುಗಳನ್ನು ಒಂದರ ಮೇಲೊಂದರಂತೆ ತಯಾರಿಸಿ ಬೋಸ್ಟನ್ನಿಗೆ ಕಳುಹಿಸಿತು. ಅವುಗಳಲ್ಲಿ ಒಂದು ಅಮಿನೊಪ್ಟೆರಿನ್. ಅದರ ತಮ್ಮನೇ ಮೆಥೊಟ್ರೆಕ್ಸೇಟ್.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಾಗಿ ನನಗೆ ಇದು ಹೀಗೆ ಅರ್ಥವಾಯಿತು. ಜೀವಕೋಶವೊಂದು ಎರಡಾಗಬೇಕಾದರೆ ಫೋಲಿಕ್ ಆಸಿಡ್ ಎಂಬ ನೋಟನ್ನು ಕ್ಯಾಶಿಯರಿಗೆ ಕೊಟ್ಟು ಚಿಲ್ಲರೆ ಪಡೆಯಬೇಕು. ಮೆಥೊಟ್ರೆಕ್ಸೇಟ್ ಖೋಟಾ ನೋಟು. ಕ್ಯಾಶಿಯರ್ ಅದನ್ನು ಅಸಲಿ ಎಂದುಕೊಂಡು ಕೈಗೆತ್ತಿಕೊಂಡನೆಂದರೆ ಬಿಡಲಾರದೆ ಕುಳಿತುಬಿಡುತ್ತಾನೆ, ಕೌಂಟರ್ ಬಂದ್ ಆಗುತ್ತದೆ. ಯಾರು ಪದೇ ಪದೇ ಕೌಂಟರಿಗೆ ಬರುತ್ತಾರೋ ಅವರಿಗೇ ಹೆಚ್ಚು ಪೆಟ್ಟು. ಕ್ಯಾನ್ಸರ್ ಕೋಶಗಳು ವೇಗವಾಗಿ ಬೆಳೆಯುವುದರಿಂದ ಮೊದಲು ಉಪವಾಸ ಬೀಳುವುದು ಅವೇ.

1947ರ ಡಿಸೆಂಬರ್ ಕೊನೆಯಲ್ಲಿ ಫಾರ್ಬರ್ ಅಮಿನೊಪ್ಟೆರಿನ್ ಕೊಡಲು ಆರಂಭಿಸಿದರು. ಸಾಯಲಿದ್ದ ಮಕ್ಕಳಲ್ಲಿ ಕೆಲವರು ಎದ್ದು ಕುಳಿತರು, ಆಟವಾಡಿದರು. 1948ರ ಜೂನ್ 3ರಂದು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಬಂತು. ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತ್ತು. ಆ ಗುಣ ತಾತ್ಕಾಲಿಕ ಎಂಬುದನ್ನು ವರದಿಯಲ್ಲಿ ಮುಚ್ಚಿಡಲಿಲ್ಲ. ಕೆಲವು ತಿಂಗಳ ಬಳಿಕ ರೋಗ ಮರಳುತ್ತಿತ್ತು. ಆದರೂ ಔಷಧಿಯೊಂದರಿಂದ ಮಕ್ಕಳ ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂದು ಜಗತ್ತಿಗೆ ಮೊದಲ ಬಾರಿ ತಿಳಿಯಿತು. ಮುಂದಿನ ದಶಕಗಳಲ್ಲಿ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಕ್ರಮ ಬೆಳೆದು, ಇಂದು ಮಕ್ಕಳ ಈ ರೋಗ ಬಹುಪಾಲು ಗುಣವಾಗುವ ಕ್ಯಾನ್ಸರುಗಳ ಪಟ್ಟಿಗೆ ಸೇರಿದೆ. ಆ ಔಷಧಿಗಳ ಗುಂಪಿನಲ್ಲಿ ಮೆಥೊಟ್ರೆಕ್ಸೇಟ್ ಈಗಲೂ ಇದೆ.

ಬಾಯಿ ಹುಣ್ಣು ಮತ್ತು ಅದರ ಮದ್ದು

ಫಾರ್ಬರ್ ಅವರ ವರದಿಯಲ್ಲೇ ಇನ್ನೊಂದು ಸಂಗತಿಯೂ ದಾಖಲಾಗಿತ್ತು. ಔಷಧಿ ಪಡೆದ ಮಕ್ಕಳಿಗೆ ಬಾಯಿ ಹುಣ್ಣಾಗುತ್ತಿತ್ತು. ಕಾರಣ ಸರಳ. ನಮ್ಮ ದೇಹದಲ್ಲಿ ಕ್ಯಾನ್ಸರ್ ಅಲ್ಲದೆಯೂ ವೇಗವಾಗಿ ಬೆಳೆಯುವ ಕೋಶಗಳಿವೆ. ಬಾಯಿಯ ಒಳಚರ್ಮ, ಕರುಳಿನ ಒಳಪದರ, ರಕ್ತ ಹುಟ್ಟುವ ಎಲುಬಿನ ಮಜ್ಜೆ, ಕೂದಲಿನ ಬುಡ. ಕೌಂಟರ್ ಬಂದ್ ಆದಾಗ ಇವೂ ಸಾಲಿನಲ್ಲಿ ನಿಂತಿರುತ್ತವೆ. ಬಾಯಿ ಹುಣ್ಣು, ಭೇದಿ, ರಕ್ತ ಕಣಗಳು ಕುಸಿದು ಜ್ವರ ಬರುವುದು, ಕೂದಲು ಉದುರುವುದು, ಇವೆಲ್ಲ ಆಗುವುದು ಹೀಗೆ. ಕೀಮೋ ಎಂದರೆ ರೋಗಿಯನ್ನು ಸುಡುವ ವಿಷ ಎಂದು ನಮ್ಮ ಜನ ಹೆದರುವುದೂ ಇದರಿಂದಲೇ.

ಆದರೆ ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. 1940ರ ದಶಕದ ಕೊನೆಯಲ್ಲಿ ಫೋಲಿನಿಕ್ ಆಸಿಡ್ ಎಂಬ, ಫೋಲಿಕ್ ಆಸಿಡಿನ ಹತ್ತಿರದ ಸಂಬಂಧಿ ವಸ್ತು ಪತ್ತೆಯಾಯಿತು. ಅದರ ಔಷಧಿ ಹೆಸರು ಲ್ಯುಕೊವೊರಿನ್. ಮುಂದಿನ ಕೌಂಟರ್ ಬಂದ್ ಆಗಿದ್ದರೂ ಹಿಂಬಾಗಿಲಿನಿಂದ ಚಿಲ್ಲರೆ ತಲುಪಿಸಬಲ್ಲ ವಸ್ತು ಇದು. ಮೆಥೊಟ್ರೆಕ್ಸೇಟನ್ನು ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ನಿಗದಿತ ಗಂಟೆಗಳ ನಂತರ ಲ್ಯುಕೊವೊರಿನ್ ಕೊಟ್ಟು ಒಳ್ಳೆಯ ಕೋಶಗಳನ್ನು ಉಳಿಸಿಕೊಳ್ಳುವ ವಿಧಾನವನ್ನು ವೈದ್ಯರು 1960 ಮತ್ತು 70ರ ದಶಕಗಳಲ್ಲಿ ಬೆಳೆಸಿದರು. ಎಲುಬಿನ ಕ್ಯಾನ್ಸರಿನಂಥ ರೋಗಗಳಿಗೆ ದಾರಿ ತೆರೆದದ್ದು ಹೀಗೆ. ಜೊತೆಗೆ ಡ್ರಿಪ್ ಮೂಲಕ ಸಾಕಷ್ಟು ನೀರು ಕೊಡುವುದು, ಮೂತ್ರ ಆಮ್ಲೀಯವಾಗದಂತೆ ನೋಡಿಕೊಳ್ಳುವುದು, ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆಯೆಂದು ಅಳೆಯುವುದು, ಇವೆಲ್ಲ ಕ್ರಮವಾಗಿ ಸೇರಿಕೊಂಡವು. ಔಷಧಿ ಕಂಡುಹಿಡಿಯುವುದು ಅರ್ಧ ಕೆಲಸವಾದರೆ, ಅದನ್ನು ರೋಗಿ ತಾಳಿಕೊಳ್ಳುವಂತೆ ಮಾಡುವುದು ಉಳಿದ ಅರ್ಧ.

ಈ ಹಿಂಬಾಗಿಲಿನ ಮದ್ದನ್ನು ಯಾವಾಗ, ಎಷ್ಟು ಕೊಡಬೇಕೆಂಬುದು ಗಂಟೆಯ ಲೆಕ್ಕದ ಕೆಲಸ. ಹೊತ್ತಿಗೆ ಮೊದಲೇ ಕೊಟ್ಟರೆ ಕ್ಯಾನ್ಸರಿಗೂ ಊಟ ಹಾಕಿದಂತೆ, ತಡವಾದರೆ ರೋಗಿಗೆ ಅಪಾಯ. ಸಂಧಿವಾತಕ್ಕೆ ಅಲ್ಪ ಪ್ರಮಾಣದ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಡಾಕ್ಟರರೇ ಫೋಲಿಕ್ ಆಸಿಡ್ ಬರೆದುಕೊಡುತ್ತಾರೆ. ಕ್ಯಾನ್ಸರ್ ರೋಗಿಯ ಲೆಕ್ಕವೇ ಬೇರೆ. ಆದುದರಿಂದ ನೆರೆಮನೆಯವರಿಗೆ ಕೊಟ್ಟಿದ್ದಾರೆಂದು ನಾವು ನಮ್ಮವರಿಗೆ ಕೊಡುವ ಹಾಗಿಲ್ಲ.

ಕರಾವಳಿಗೆ ತಲುಪಿದ ಮಾತ್ರೆ

ಸುಬ್ಬರಾವ್ ಅವರ ತಂಡದ ಮತ್ತೆರಡು ಕೊಡುಗೆಗಳನ್ನೂ ಹೇಳಲೇಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯ ಹಿರಿಯರಿಗೆ ಆನೆಕಾಲು ರೋಗ ಗೊತ್ತಿರುವುದೇ. ರಾತ್ರಿ ಹೊತ್ತು ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿದ್ದೇವೆ. ಆ ಹುಳಗಳು ರಕ್ತದಲ್ಲಿ ಕಾಣಿಸಿಕೊಳ್ಳುವುದೇ ರಾತ್ರಿ. ಅದಕ್ಕೆ ಕೊಡುವ ಡಿಇಸಿ ಮಾತ್ರೆ 1947ರಲ್ಲಿ ಲೆಡರ್ಲಿಯಿಂದ ಹೆಟ್ರಾಜಾನ್ ಎಂಬ ಹೆಸರಿನಲ್ಲಿ ಬಂದದ್ದು. ದೇಶದ ಆನೆಕಾಲು ನಿರ್ಮೂಲನ ಕಾರ್ಯಕ್ರಮದಲ್ಲಿ ಹಂಚಿದ್ದೂ ಅದೇ ಔಷಧಿ.

ಇನ್ನೊಂದು, 1948ರಲ್ಲಿ ಬಂದ ಆರಿಯೊಮೈಸಿನ್. ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ, ಸುಬ್ಬರಾವ್ ಅವರ ಒತ್ತಾಸೆಯಿಂದ ಮಣ್ಣಿನಲ್ಲಿನ ಸೂಕ್ಷ್ಮಜೀವಿಯಿಂದ ಪಡೆದ ಆಂಟಿಬಯೋಟಿಕ್ ಅದು, ಟೆಟ್ರಾಸೈಕ್ಲಿನ್ ಕುಟುಂಬದ ಹಿರಿಯಣ್ಣ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿದಾಗ ಮುಂಬಯಿಯಲ್ಲಿ ಜನ ಮೆಡಿಕಲ್ ಅಂಗಡಿಗಳಿಗೆ ಮುಗಿಬಿದ್ದದ್ದು ಈ ಟೆಟ್ರಾಸೈಕ್ಲಿನ್‌ಗಾಗಿ.

ಮರಳದ ಊರು

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ಮಲಗಿದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಫಾರ್ಬರ್ ಅವರ ವರದಿ ಪ್ರಕಟವಾಗಿ ಎರಡು ತಿಂಗಳಷ್ಟೇ ಆಗಿತ್ತು. ಭಾರತಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ. ಬೋಸ್ಟನ್ನಿಗೆ ಹೊರಟ ದಿನದಿಂದ ಅವರು ಒಮ್ಮೆಯೂ ಊರಿಗೆ ಬರಲಿಲ್ಲ. ಭಾರತೀಯರಿಗೆ ಪೌರತ್ವ ನಿರಾಕರಿಸುತ್ತಿದ್ದ ಅಮೆರಿಕದ ಕಾನೂನು 1946ರಲ್ಲಿ ಬದಲಾದ ಮೇಲೂ ಅವರು ಪೌರರಾಗಲಿಲ್ಲ, ಭಾರತೀಯರಾಗಿಯೇ ಉಳಿದರು. ಪತ್ನಿ ಶೇಷಗಿರಿಯವರು ಕಾಲು ಶತಮಾನ ಕಾದದ್ದು ವ್ಯರ್ಥವಾಯಿತು. ಅವರ ಸಾಧನೆಯನ್ನು ಹೊಗಳುವಾಗ ಈ ಹೆಣ್ಣುಮಗಳ ಪಾಲನ್ನು ಮರೆಯುವುದು ನ್ಯಾಯವಲ್ಲ. ಗಂಡ ಮುಂಬಯಿಯಲ್ಲಿ, ಹೆಂಡತಿ ಊರಿನಲ್ಲಿ ಎಂದು ದಿನ ಕಳೆದ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ನೋವು ಏನೆಂದು ನಮಗೆ ಗೊತ್ತು.

ಅವರಿಗೆ ನೊಬೆಲ್ ಬರಲಿಲ್ಲ. ಫೋಲಿಕ್ ಆಸಿಡ್ ತಯಾರಿಕೆಯ ವರದಿಯಲ್ಲಿ ತಂಡದ ಕಿರಿಯರ ಹೆಸರುಗಳನ್ನೇ ಮುಂದಿಟ್ಟರು. ಪತ್ರಿಕೆಗಳ ಮುಂದೆ ನಿಂತು ಪ್ರಚಾರ ಪಡೆಯಲಿಲ್ಲ. ಲೆಡರ್ಲಿಯ ವಿಜ್ಞಾನಿಯೊಬ್ಬರು 1953ರಲ್ಲಿ ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಅವರ ಹೆಸರನ್ನಿಟ್ಟರು. ಭಾರತ ಸರಕಾರ 1995ರಲ್ಲಿ ಅವರ ಜನ್ಮಶತಮಾನೋತ್ಸವಕ್ಕೆ ಅಂಚೆಚೀಟಿ ಹೊರಡಿಸಿತು.

ಮತ್ತೆ ಪರೇಲ್‌ಗೆ

ಅಂಧೇರಿಯಿಂದ ಚರ್ಚ್‌ಗೇಟ್ ಕಡೆಯ ಲೋಕಲ್ ಹಿಡಿದು ದಾದರ್‌ನಲ್ಲಿಳಿದು ಪರೇಲ್‌ಗೆ ಹೋಗುವ ದಾರಿ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಬಾಯಿಪಾಠ. ಲೂಸಿ ವಿಲ್ಸ್ ದುಡಿದ ಹಾಫ್‌ಕಿನ್ ಸಂಸ್ಥೆ ಇರುವ ಅದೇ ಪರೇಲ್‌ನಲ್ಲಿ 1941ರ ಫೆಬ್ರವರಿ 28ರಂದು ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆಯಿತು. ತಂಬಾಕು, ಗುಟ್ಕಾ, ಅಡಿಕೆಯಿಂದಾಗಿ ನಮ್ಮ ದೇಶದಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಬಹಳ. ಅವರಲ್ಲಿ ಅನೇಕರು ಆಸ್ಪತ್ರೆಗೆ ಬರುವಾಗಲೇ ಆಪರೇಷನ್ನಿನ ಹಂತ ದಾಟಿರುತ್ತದೆ. ಅಂಥವರಿಗೆ ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಸಿಸ್‌ಪ್ಲಾಟಿನ್ ಕೊಡುವ ಕ್ರಮವಿತ್ತು. ಖರ್ಚು ಹೆಚ್ಚು, ಅಡ್ಡಪರಿಣಾಮವೂ ಹೆಚ್ಚು.

ಟಾಟಾದ ವೈದ್ಯರು 2016ರಿಂದ 2020ರವರೆಗೆ 422 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಸಿದರು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಿಸ್‌ಪ್ಲಾಟಿನ್ ಡ್ರಿಪ್, ಇನ್ನೊಂದಕ್ಕೆ ಮನೆಯಲ್ಲೇ ನುಂಗುವ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮತ್ತು ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್ ಎಂಬ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದಿರುವುದರಿಂದಲೇ ಇಂಥ ಹೋಲಿಕೆಗೆ ಬೆಲೆ. ಡ್ರಿಪ್ ಗುಂಪಿನವರು ಬದುಕಿದ ಮಧ್ಯಮ ಅವಧಿ 6.1 ತಿಂಗಳು, ಮಾತ್ರೆಯ ಗುಂಪಿನವರದು 7.5 ತಿಂಗಳು. ತೀವ್ರ ಅಡ್ಡಪರಿಣಾಮ ಆದದ್ದು ಡ್ರಿಪ್ ಗುಂಪಿನಲ್ಲಿ ನೂರಕ್ಕೆ 30 ಮಂದಿಗೆ, ಮಾತ್ರೆಯ ಗುಂಪಿನಲ್ಲಿ 19 ಮಂದಿಗೆ. 2020ರಲ್ಲಿ ಇದು ಪ್ರಕಟವಾಯಿತು. ರೋಗ ಗುಣವಾಯಿತೆಂದು ಯಾರೂ ಹೇಳುತ್ತಿಲ್ಲ. ಆದರೆ ಅಗ್ಗದ ಹಳೆಯ ಮಾತ್ರೆಯಿಂದ, ಕಡಿಮೆ ಸಂಕಟದಲ್ಲಿ, ಮನೆಯವರ ನಡುವೆ ಕಳೆಯುವ ದಿನಗಳು ಹೆಚ್ಚಾದವು. 1940ರ ದಶಕದಲ್ಲಿ ಪರ್ಲ್ ರಿವರ್‌ನಲ್ಲಿ ತಯಾರಾದ ವಸ್ತು ಸುಮಾರು 70 ವರ್ಷಗಳ ಬಳಿಕ ನಮ್ಮ ಪರೇಲ್‌ನಲ್ಲಿ ಹೀಗೆ ಉಪಯೋಗಕ್ಕೆ ಬಂತು.

ಓದುಗ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಾರದ ಯಾವ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವಾರಕ್ಕೊಮ್ಮೆಯ ಮಾತ್ರೆಯನ್ನು ತಪ್ಪಿ ದಿನವೂ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಬಾಯಿ ಹುಣ್ಣು, ಜ್ವರ, ಭೇದಿ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರರಿಗೆ ತಿಳಿಸಿ. ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆಂದು ಹೆದರಿ ಮುಚ್ಚಿಡಬೇಡಿ, ಹುಣ್ಣಿಗೆ ಹೆದರಿ ನೀವಾಗಿಯೇ ನಿಲ್ಲಿಸಲೂ ಬೇಡಿ. ಅಡ್ಡಪರಿಣಾಮಕ್ಕೂ ಮದ್ದಿದೆ. ಟಾನಿಕ್, ನೋವಿನ ಮಾತ್ರೆ, ಆಂಟಿಬಯೋಟಿಕ್, ಊರಿನ ಮದ್ದು ಏನೇ ಕೊಡುವುದಿದ್ದರೂ ಮೊದಲು ಕೇಳಿ. ರೋಗಿಯನ್ನು ನೋಡಲು ಹೋಗುವವರು ಔಷಧಿ ಒಯ್ಯುವುದಕ್ಕಿಂತ, ಆಸ್ಪತ್ರೆಗೆ ಒಂದು ದಿನ ಜೊತೆಗೆ ಹೋಗಿ ಸಾಲಿನಲ್ಲಿ ನಿಂತರೆ ಅದೇ ದೊಡ್ಡ ಉಪಕಾರ.

ಭಾವನವರು ಆ ಬಳಿಕ ಎಂಟು ತಿಂಗಳು ನಮ್ಮೊಡನಿದ್ದರು. ಆ ವರ್ಷದ ಗಣೇಶ ಚತುರ್ಥಿಗೆ ಸ್ವತಃ ಕುಳಿತು ಪೂಜೆ ಮಾಡಿಸಿದರು, ಮೆತ್ತಗೆ ಮಾಡಿದ ಪಾಯಸವನ್ನೂ ಉಂಡರು. ಆ ಎಂಟು ತಿಂಗಳಿಗಾಗಿ ನಮ್ಮ ಮನೆ, ಖಾದಿ ತೊಟ್ಟದ್ದಕ್ಕೆ ಪದವಿ ಕಳೆದುಕೊಂಡ ಆ ಭೀಮಾವರದ ಹುಡುಗನಿಗೆ ಋಣಿಯಾಗಿದೆ.